ಚಾಲಕನಿಲ್ಲದ ವಾಹನಕ್ಕೆ ದಾರಿ ಬಿಡುವವರು ಯಾರು?

ಬೆಂಗಳೂರಿನ ಜಯನಗರದ ಕಡೆಯಿಂದ ಬಿ.ಟಿ.ಎಂ. ಬಡಾವಣೆಯತ್ತ ಹೋಗುವಾಗ ರಾಗಿಗುಡ್ಡದ ಬಳಿ ಒಮ್ಮೆ ತಲೆಯೆತ್ತಿ ನೋಡಿ. ಅಲ್ಲಿ ಒಂದರ ಮೇಲೊಂದು ಮೂರು ದಾರಿಗಳಿವೆ. ನೆಲದ ಮೇಲೆ ಮಾರೇನಹಳ್ಳಿ ರಸ್ತೆ, ಅದರ ಮೇಲೆ 2024ರ ಜುಲೈನಲ್ಲಿ ಒಂದು ಬದಿಯ ಸಂಚಾರಕ್ಕೆ ತೆರೆದ ಮೇಲುಸೇತುವೆ, ಅದಕ್ಕೂ ಮೇಲೆ ಮೆಟ್ರೊ ಹಳಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಈ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಉದ್ದ 19.15 ಕಿ.ಮೀ., ನಿಲ್ದಾಣಗಳು 16. ಇದರ ರೈಲುಗಳನ್ನು ಚಾಲಕರಿಲ್ಲದೆಯೂ ಓಡಬಲ್ಲಂತೆ ರೂಪಿಸಲಾಗಿದೆ. ಸೇವೆ ಆರಂಭವಾದಾಗ ಎಚ್ಚರಿಕೆಗಾಗಿ ಚಾಲಕರನ್ನು ಕೂರಿಸಿದ್ದರು, ಅಷ್ಟೆ. ಪ್ರತಿ ರೈಲೂ ತಾನು ಎಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂಬುದನ್ನು ರೇಡಿಯೊ ಮೂಲಕ ತಿಳಿಸುತ್ತಿರುತ್ತದೆ. ಮುಂದಿನ ರೈಲಿನಿಂದ ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದನ್ನು ಗಣಕ ಲೆಕ್ಕ ಹಾಕುತ್ತದೆ.

ಇದು ತೀರ ಹೊಸ ವಿದ್ಯೆಯೂ ಅಲ್ಲ. ಜಪಾನಿನ ಕೋಬೆ ನಗರದಲ್ಲಿ ಚಾಲಕರಹಿತ ರೈಲು ಓಡತೊಡಗಿದ್ದು 1981ರಲ್ಲಿ. ದೆಹಲಿ ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ ಓಡಿದ್ದು 2020ರ ಡಿಸೆಂಬರಿನಲ್ಲಿ. ಹಾಗಿದ್ದರೆ ಮೇಲಿನ ಅಂತಸ್ತಿನಲ್ಲಿ ಸಾಧ್ಯವಾದದ್ದು ಕೆಳಗಿನ ರಸ್ತೆಯಲ್ಲಿ ಏಕೆ ಆಗಲಿಲ್ಲ ಎಂದು ನೀವು ಕೇಳಬಹುದು. ಉತ್ತರ ಯಂತ್ರದ ಒಳಗಿಲ್ಲ. ಮೇಲೆ ಯಾರೂ ಅಡ್ಡ ದಾಟುವುದಿಲ್ಲ. ಸೊಪ್ಪಿನ ಗಾಡಿ ಇಲ್ಲ, ಶಾಲೆಯ ಮಗು ಇಲ್ಲ, ಹಸು ಇಲ್ಲ, ಎದುರು ದಿಕ್ಕಿನಿಂದ ಬರುವ ಸ್ಕೂಟರ್ ಇಲ್ಲ. ಚಾಲಕನನ್ನು ತೆಗೆಯುವ ಮೊದಲು ಉಳಿದವರನ್ನೆಲ್ಲ ದಾರಿಯಿಂದ ತೆಗೆದಾಗಿದೆ. ಚಾಲಕರಹಿತ ವಾಹನದ ಇತಿಹಾಸವನ್ನು ಈ ದೃಷ್ಟಿಯಿಂದ ಓದಿದರೆ ಅದರ ಸಾಮಾಜಿಕ ಪರಿಣಾಮ ಏನೆಂಬುದು ಸ್ವಲ್ಪ ಬೇರೆಯೇ ಆಗಿ ಕಾಣುತ್ತದೆ.

1925ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಚಾಲಕನಿಲ್ಲದ ಕಾರೊಂದು ಜನರನ್ನು ಬೆರಗುಗೊಳಿಸಿತು. ನಿಜವಾಗಿ ಅದನ್ನು ನಡೆಸುತ್ತಿದ್ದುದು ಹಿಂದೆ ಬರುತ್ತಿದ್ದ ಇನ್ನೊಂದು ಕಾರಿನಲ್ಲಿ ಕುಳಿತವನು, ರೇಡಿಯೊ ಸಂಕೇತಗಳಿಂದ. ಅದು ಮತ್ತೊಂದು ಕಾರಿಗೆ ಗುದ್ದಿ ಪ್ರದರ್ಶನ ಮುಗಿಸಿತು. ಆ ತಮಾಷೆಗಿಂತ ಮುಖ್ಯವಾದ ಘಟನೆ ಎರಡು ವರ್ಷ ಹಿಂದೆ, 1923ರಲ್ಲಿ, ಸಿನ್ಸಿನಾಟಿ ನಗರದಲ್ಲಿ ನಡೆದಿತ್ತು. ಕಾರುಗಳು ಗಂಟೆಗೆ 25 ಮೈಲಿ, ಎಂದರೆ ಸುಮಾರು 40 ಕಿ.ಮೀ. ಮೀರದಂತೆ ತಡೆಯುವ ಸಾಧನವನ್ನು ಪ್ರತಿ ಕಾರಿಗೂ ಕಡ್ಡಾಯ ಮಾಡಬೇಕೆಂದು 42,000ಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಮೋಟಾರು ಉದ್ಯಮ ಎಚ್ಚೆತ್ತು ಭಾರಿ ಪ್ರಚಾರ ಮಾಡಿತು. ಮತದಾನದಲ್ಲಿ ಪ್ರಸ್ತಾಪ ಬಿದ್ದುಹೋಯಿತು. ಆ ದಶಕದಲ್ಲೇ ರಸ್ತೆಯ ನಡುವೆ ದಾಟುವವನಿಗೆ ‘ಜೇವಾಕರ್’ ಎಂಬ ಹೆಸರು ಅಂಟಿಕೊಂಡಿತು. ‘ಜೇ’ ಎಂದರೆ ಪೇಟೆಯ ರೀತಿ ಅರಿಯದ ಹಳ್ಳಿ ಗಮಾರ. ಅಲ್ಲಿಯವರೆಗೆ ಬೀದಿ ನಡೆಯುವವರದಾಗಿತ್ತು; ಆಮೇಲೆ ಅದರಲ್ಲಿ ನಡೆಯುವುದೇ ತಪ್ಪಾಯಿತು.

1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನರಲ್ ಮೋಟಾರ್ಸ್ ಕಂಪನಿಗಾಗಿ ನಾರ್ಮನ್ ಬೆಲ್ ಗೆಡ್ಡೆಸ್ ನಿರ್ಮಿಸಿದ ‘ಫ್ಯೂಚರಾಮ’ ಮಾದರಿ ನಗರದಲ್ಲಿ 1960ರ ಹೆದ್ದಾರಿಗಳು ತಾವಾಗಿ ಕಾರುಗಳನ್ನು ನಿಯಂತ್ರಿಸುತ್ತಿದ್ದವು. ಪಾದಚಾರಿಗಳನ್ನು ರಸ್ತೆಯಿಂದ ಎತ್ತಿ ಮೇಲಂತಸ್ತಿನ ನಡೆದಾರಿಗೆ ಕಳಿಸಲಾಗಿತ್ತು. ರಾಗಿಗುಡ್ಡದಲ್ಲಿ ನಾವು ರೈಲನ್ನು ಮೇಲಕ್ಕೆ ಕಳಿಸಿದೆವು. ಅವರು ಮನುಷ್ಯರನ್ನು ಕಳಿಸಬೇಕೆಂದುಕೊಂಡಿದ್ದರು.

ನಿಜವಾದ ಸ್ವಯಂಚಾಲನೆಯ ಪ್ರಯೋಗಗಳನ್ನು ಗಮನಿಸಿ. 1987ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಡಿಕ್‌ಮನ್ಸ್ ಅವರ ತಂಡ ಕ್ಯಾಮರಾಗಳ ನೆರವಿನಿಂದ ಒಂದು ವ್ಯಾನನ್ನು ಗಂಟೆಗೆ 96 ಕಿ.ಮೀ. ವೇಗದಲ್ಲಿ ತಾನಾಗಿ ಓಡಿಸಿತು. ಎಲ್ಲಿ? ಸಂಚಾರಕ್ಕೆ ಇನ್ನೂ ತೆರೆಯದಿದ್ದ ಹೆದ್ದಾರಿಯಲ್ಲಿ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ‘ಡಾರ್ಪಾ’ ಏರ್ಪಡಿಸಿದ ಸ್ಪರ್ಧೆ ನಡೆದದ್ದು ಮೊಜಾವೆ ಮರುಭೂಮಿಯಲ್ಲಿ. ಸುಮಾರು 240 ಕಿ.ಮೀ. ದಾರಿಯಲ್ಲಿ ಅತಿ ಮುಂದೆ ಹೋದ ವಾಹನ 12 ಕಿ.ಮೀ. ಕೂಡ ಕ್ರಮಿಸಲಿಲ್ಲ. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’ 212 ಕಿ.ಮೀ. ಪೂರೈಸಿ ಗೆದ್ದಿತು. ಅದೂ ಮರುಭೂಮಿಯಲ್ಲೇ. 2007ರಲ್ಲಿ ‘ನಗರ ಸವಾಲು’ ಎಂಬ ಹೆಸರಿನ ಸ್ಪರ್ಧೆ ನಡೆಯಿತು. ಆದರೆ ಆ ನಗರ ಒಂದು ಹಳೆಯ, ಮುಚ್ಚಿಹೋದ ವಾಯುಪಡೆಯ ನೆಲೆ. ಮನೆಗಳಿದ್ದವು, ವಾಸಿಸುವವರು ಇರಲಿಲ್ಲ. ಪ್ರಯೋಗ ಸರಳವಾಗಿರಲಿ ಎಂದು ಘರ್ಷಣೆಯಿಲ್ಲದ ಮೇಜನ್ನು ಊಹಿಸಿಕೊಳ್ಳುವ ಭೌತವಿಜ್ಞಾನಿಗೆ ಇದು ಅರ್ಥವಾಗುವ ಸಂಗತಿಯೇ. ಆದರೆ ಘರ್ಷಣೆಯಿಲ್ಲದ ಮೇಜು ಪ್ರಯೋಗಾಲಯದಾಚೆ ಸಿಗುವುದಿಲ್ಲ.

ಜನರಿರುವ ಬೀದಿಗೆ ಬಂದಾಗ ಏನಾಯಿತು? 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ನಗರದಲ್ಲಿ ಊಬರ್ ಕಂಪನಿಯ ಪರೀಕ್ಷಾ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ಚಾಲಕರಹಿತ ವಾಹನದಿಂದ ಪಾದಚಾರಿಯೊಬ್ಬರು ಸತ್ತ ಮೊದಲ ಪ್ರಕರಣ ಅದು. ಕಾರಿಗೆ ಅವರು ಕಾಣಲಿಲ್ಲವೆ? ಕಂಡಿದ್ದರು. ಇಂಥ ಕಾರಿನ ಲೇಸರ್ ಮಿಡಿತ 30 ಮೀಟರ್ ದೂರದ ವಸ್ತುವನ್ನು ಮುಟ್ಟಿ ಮರಳಲು ಸೆಕೆಂಡಿನ ಕೋಟಿ ಭಾಗದಲ್ಲಿ ಎರಡು ಭಾಗ ಸಾಕು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಸಂವೇದಕಗಳು ಅವರನ್ನು ಗುರುತಿಸಿದ್ದವು. ಗಂಟೆಗೆ ಸುಮಾರು 69 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಕಾರು ಕ್ರಮಿಸುವುದು 107 ಮೀಟರ್. ಆ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಾಕಿ ನಿಲ್ಲಲು 30–35 ಮೀಟರ್ ಸಾಕು. ಆದರೆ ತಂತ್ರಾಂಶ ಅವರನ್ನು ಒಮ್ಮೆ ವಾಹನವೆಂದಿತು, ಒಮ್ಮೆ ಅಪರಿಚಿತ ವಸ್ತುವೆಂದಿತು, ಒಮ್ಮೆ ಸೈಕಲ್ ಎಂದಿತು. ಹೆಸರು ಬದಲಿಸಿದಾಗಲೆಲ್ಲ ಅದುವರೆಗಿನ ಚಲನೆಯ ಲೆಕ್ಕವನ್ನು ಮರೆತು ಹೊಸದಾಗಿ ಆರಂಭಿಸಿತು. ಗುರುತು ಮಾಡಿದ ಪಟ್ಟೆಗಳಾಚೆ ಮನುಷ್ಯರು ರಸ್ತೆ ದಾಟಬಹುದು ಎಂಬ ಸಾಧ್ಯತೆಯನ್ನು ಆ ವ್ಯವಸ್ಥೆಯ ವಿನ್ಯಾಸದಲ್ಲಿ ಪರಿಗಣಿಸಿರಲಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2019ರಲ್ಲಿ ವರದಿ ಮಾಡಿತು. 1920ರ ದಶಕದಲ್ಲಿ ಬೈಗುಳವಾಗಿ ಅಂಟಿಕೊಂಡ ಮಾತು ಇಲ್ಲಿ ತಂತ್ರಾಂಶದ ಕುರುಡುತನವಾಗಿತ್ತು. ಅಪಘಾತಕ್ಕೆ ಶಿಕ್ಷೆಯಾದದ್ದು ಫೋನು ನೋಡುತ್ತ ಸೀಟಿನಲ್ಲಿ ಕುಳಿತಿದ್ದ ಉಸ್ತುವಾರಿ ಉದ್ಯೋಗಿಗೆ. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಬರಲಿಲ್ಲ.

ಈಗ ಜಯನಗರ ನಾಲ್ಕನೆಯ ಬ್ಲಾಕಿಗೆ ಬನ್ನಿ. ಸಂಜೆ ಆರು ಗಂಟೆಗೆ ವಾಣಿಜ್ಯ ಸಂಕೀರ್ಣದ ಮುಂದೆ ಪಟ್ಟೆ ಹುಡುಕಿ ದಾಟುವವರು ಎಷ್ಟು ಮಂದಿ? ಚೀಲ ಹಿಡಿದ ಅಜ್ಜಿ ಕೈ ಅಡ್ಡ ಚಾಚುತ್ತಾರೆ, ಆಟೊದವನು ಕಣ್ಣಲ್ಲೇ ‘ಹೋಗಿ’ ಎನ್ನುತ್ತಾನೆ, ಸ್ಕೂಟರಿನವಳು ಅರ್ಧ ಅಡಿ ಸರಿಯುತ್ತಾಳೆ. ಇದು ನಿಯಮವಲ್ಲ, ಚೌಕಾಸಿ. ಹಿಂದಿನ ಜಟಕಾ ಗಾಡಿಗೂ ಈ ಭಾಷೆ ಬರುತ್ತಿತ್ತು. ಗಾಡಿಯವನು ತೂಕಡಿಸಿದರೂ ಕುದುರೆ ಗೋಡೆಗೆ ಗುದ್ದುತ್ತಿರಲಿಲ್ಲ. ಅರ್ಧ ಸ್ವಯಂಚಾಲನೆ ಆಗಲೇ ಇತ್ತು ಎನ್ನಬಹುದು! ಈ ಚೌಕಾಸಿಯನ್ನು ಗಣಕಕ್ಕೆ ಕಲಿಸುವುದು ಹೇಗೆ?

ಪ್ರಯತ್ನ ನಡೆಯದೆ ಇಲ್ಲ. ಯಂತ್ರಕ್ಕೆ ಬೀದಿ ನೋಡಲು ಕಲಿಸುತ್ತಿದ್ದ 2016ರ ‘ಸಿಟಿಸ್ಕೇಪ್ಸ್’ ಚಿತ್ರಸಂಗ್ರಹ ಬಹುಪಾಲು ಜರ್ಮನ್ ನಗರಗಳದು. ಅದರಲ್ಲಿ ಆಟೊರಿಕ್ಷಾ ಎಂಬ ವರ್ಗವೇ ಇರಲಿಲ್ಲ. 2018ರಲ್ಲಿ ಹೈದರಾಬಾದಿನ ಐ.ಐ.ಐ.ಟಿ. ಮತ್ತು ಇಂಟೆಲ್ ಸೇರಿ ಬೆಂಗಳೂರು, ಹೈದರಾಬಾದ್ ಮತ್ತು ಸುತ್ತಲಿನ ರಸ್ತೆಗಳ 10,004 ಚಿತ್ರಗಳನ್ನು 34 ವರ್ಗಗಳಲ್ಲಿ ಗುರುತಿಸಿ ಪ್ರಕಟಿಸಿದವು. ಆಟೊರಿಕ್ಷಾಕ್ಕೂ ಪ್ರಾಣಿಗೂ ಅದರಲ್ಲಿ ಜಾಗವಿದೆ. ರಸ್ತೆಯಲ್ಲದಿದ್ದರೂ ವಾಹನ ಓಡಿಸಬಹುದಾದ ಪಕ್ಕದ ನೆಲಕ್ಕೂ ಒಂದು ವರ್ಗವಿದೆ. ನಮ್ಮ ಬೀದಿಯನ್ನು ಬಲ್ಲವರು ಮಾಡಿದ ವರ್ಗೀಕರಣ ಅದು! 2023ರ ಜೂನಿನಲ್ಲಿ ಬೆಂಗಳೂರಿನ ಮೈನಸ್ ಝೀರೊ ಕಂಪನಿ ಕ್ಯಾಮರಾಗಳನ್ನೇ ನಂಬಿದ ‘ಝೀಪಾಡ್’ ಎಂಬ ವಾಹನವನ್ನು ತೋರಿಸಿತು. 2025ರ ಅಕ್ಟೋಬರಿನಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ ಚಾಲಕರಹಿತ ಕಾರು ಕಾಲೇಜಿನ ಆವರಣದಲ್ಲಿ ಓಡಿತು. ಗಮನಿಸಿ, ಆವರಣದಲ್ಲಿ.

ಚಾಲಕರ ಉದ್ಯೋಗದ ಮಾತು ಬರಲೇಬೇಕು. ಕೆಲಸ ಕಸಿಯುವ ಇಂಥ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲಿ ಹೇಳಿದರು, 2023ರಲ್ಲಿ ಮತ್ತೆ ಹೇಳಿದರು. ಕಾಳಜಿ ಸರಿಯಾದದ್ದೇ. ಆದರೆ ಕಸಿಯುವಿಕೆ ಸ್ಟಿಯರಿಂಗ್‌ನಿಂದ ಶುರುವಾಗಲಿಲ್ಲ ಎಂದು ನನ್ನ ಭಾವನೆ. ‘ಎಷ್ಟನೇ ಮೇನು, ಎಷ್ಟನೇ ಕ್ರಾಸು?’ ಎಂದು ಕೇಳಿ ನೇರ ಮನೆ ಮುಂದೆ ನಿಲ್ಲಿಸುತ್ತಿದ್ದ ಆಟೊ ಚಾಲಕನ ಅರಿವು ಈಗಾಗಲೇ ಫೋನಿಗೆ ವರ್ಗವಾಗಿದೆ. ದಾರಿಯನ್ನೂ ದರವನ್ನೂ ಫೋನು ಹೇಳುತ್ತದೆ. ಕೈಕಾಲು ಮಾತ್ರ ಚಾಲಕನದು. ಉಳಿದರ್ಧವನ್ನು ಕೊಟ್ಟಾಗ ಅವನಿಗೆ ಏನು ಸಿಗುತ್ತದೆ ಎಂಬ ಚರ್ಚೆ ಮೊದಲರ್ಧ ಹೋದಾಗಲೇ ಆಗಬೇಕಿತ್ತು.

ಯಂತ್ರದ ಪರವಾಗಿಯೂ ಬಲವಾದ ವಾದವಿದೆ. ಅದು ಕುಡಿಯುವುದಿಲ್ಲ, ನಿದ್ದೆಗೆಡುವುದಿಲ್ಲ, ಸಿಟ್ಟಾಗುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಈ ಅಂಕಿಗಳ ಮುಂದೆ ಮಾನವ ಚಾಲಕನನ್ನು ಹೊಗಳುವುದು ಕಷ್ಟ. ಆದರೆ ಇದರಲ್ಲಿ ಒಂದು ತೊಡಕಿದೆ. ಯಾರು ಅಡ್ಡ ಬಂದರೂ ತಪ್ಪದೆ ನಿಲ್ಲುವ ಕಾರನ್ನು ನಮ್ಮ ಬೀದಿಗೆ ಬಿಟ್ಟರೆ, ಅದು ನಿಂತೇ ನಿಲ್ಲುತ್ತದೆ ಎಂದು ಎಲ್ಲರೂ ಕಲಿಯುತ್ತಾರೆ. ಸಂಜೆ ಆರಕ್ಕೆ ನಾಲ್ಕನೆಯ ಬ್ಲಾಕಿನಲ್ಲಿ ಅದು ಕದಲುವುದೇ ಇಲ್ಲ. ಆಗ ಅದರ ಒಡೆಯರು ಏನು ಕೇಳಿಯಾರು? ಬೇಲಿ ಹಾಕಿ, ದಾಟುವವರಿಗೆ ದಂಡ ಹಾಕಿ, ಗಾಡಿ ವ್ಯಾಪಾರಿಗಳನ್ನು ಎಬ್ಬಿಸಿ ಎಂದು. ಸಿನ್ಸಿನಾಟಿಯ ನಂತರ ಆದದ್ದು ಇದೇ. ಅಗಲವಾದ ರಸ್ತೆ, ಸಾಲುಮರಗಳೊಂದಿಗೆ 1948ರಲ್ಲಿ ಹುಟ್ಟಿದ ಜಯನಗರ ಈಗಾಗಲೇ ಕಾರುಗಳಿಗಾಗಿ ಸಾಕಷ್ಟು ಜಾಗ ಬಿಟ್ಟುಕೊಟ್ಟಿದೆ.

ಕಾನೂನು ಎಲ್ಲಿದೆ? ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿ ಎರಡು ಹೊಸ ಅಂಶಗಳನ್ನು ತಂದಿತು. 2ಬಿ ಕಲಮು, ಸಂಶೋಧನೆಯನ್ನು ಪ್ರೋತ್ಸಾಹಿಸಲು ಕೆಲವು ಬಗೆಯ ವಾಹನಗಳಿಗೆ ಕಾಯಿದೆಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಚಾಲಕರಹಿತ ಕಾರುಗಳ ಪರೀಕ್ಷೆ ನಮ್ಮ ರಸ್ತೆಗಿಳಿಯಲು ಈ ಬಾಗಿಲು ಸಾಕು. 138ನೆಯ ಕಲಮಿಗೆ ಸೇರಿದ 1ಎ ಉಪಕಲಮು, ಪಾದಚಾರಿಗಳು ಮತ್ತು ಯಂತ್ರವಿಲ್ಲದ ವಾಹನಗಳ ಬಗ್ಗೆ ನಿಯಮ ರಚಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಡುತ್ತದೆ. ಈ ಎರಡನೆಯದನ್ನು ಆರು ತಿಂಗಳೊಳಗೆ ಮಾಡಿ ಎಂದು ರಾಜ್ಯಗಳಿಗೆ ಹೇಳಲು ಸುಪ್ರೀಂ ಕೋರ್ಟೇ ಬೇಕಾಯಿತು. ಆ ಆದೇಶ ಬಂದದ್ದು 2025ರ ಅಕ್ಟೋಬರ್ 7ರಂದು, ಆರ್.ವಿ. ಕಾಲೇಜಿನ ಆವರಣದಲ್ಲಿ ಚಾಲಕನಿಲ್ಲದ ಕಾರು ಓಡಿದ ತಿಂಗಳಲ್ಲೇ.