ಮನೆಗಳ ದುಡ್ಡಿನಲ್ಲಿ ಓಡುವ ರೈಲು

ನಗರ ರೈಲು ಎಂದರೆ ನಷ್ಟದ ಬಾಬತ್ತು ಎಂಬುದು ಜಗತ್ತಿನ ಬಹುತೇಕ ಸರ್ಕಾರಗಳ ಅನುಭವ. ಟಿಕೆಟ್ ದರ ಏರಿಸಿದರೆ ಜನ ಸಿಟ್ಟಾಗುತ್ತಾರೆ. ಏರಿಸದಿದ್ದರೆ ಬೊಕ್ಕಸ ಬರಿದಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾದ ನಗರ ಯಾವುದು ಎಂದು ಕೇಳಿದರೆ ಸಾರಿಗೆ ತಜ್ಞರು ಮೊದಲು ಹೇಳುವ ಹೆಸರು ಹಾಂಗ್‌ಕಾಂಗ್. ಅಲ್ಲಿನ ಎಂಟಿಆರ್ ರೈಲು ಸಂಸ್ಥೆ 2000ದಲ್ಲಿ ಷೇರು ಪೇಟೆಗೆ ಬಂದ ಮೇಲೆ ಮೊದಲ ಬಾರಿಗೆ ನಷ್ಟ ಕಂಡದ್ದು ಕೋವಿಡ್ ಕಾಡಿದ 2020ರಲ್ಲಿ. ಆದರೆ ಸಾಮಾನ್ಯರು ಮನೆ ಕೊಳ್ಳಲಾಗದ ನಗರಗಳ ಮಾತು ಬಂದಾಗಲೂ ಮೊದಲು ಕೇಳಿಬರುವುದು ಇದೇ ಹೆಸರು. ಇವೆರಡೂ ಒಂದೇ ಊರಲ್ಲಿ ನಡೆದದ್ದು ಆಕಸ್ಮಿಕವೇ? ಇತಿಹಾಸ ಹಾಗೆ ಹೇಳುವುದಿಲ್ಲ.

ನೆಲವೆಲ್ಲ ಸರ್ಕಾರದ್ದು

1841ರಲ್ಲಿ ಬ್ರಿಟಿಷರು ಹಾಂಗ್‌ಕಾಂಗ್ ದ್ವೀಪವನ್ನು ವಶಪಡಿಸಿಕೊಂಡರು. ಅದೇ ವರ್ಷ ಅಲ್ಲಿ ಜಮೀನಿನ ಹರಾಜು ನಡೆಯಿತು. ಹರಾಜಾದದ್ದು ನೆಲದ ಒಡೆತನವಲ್ಲ, ಇಂತಿಷ್ಟು ವರ್ಷಗಳ ಗುತ್ತಿಗೆ ಮಾತ್ರ. ಅಂದು ಹಾಕಿದ ಪದ್ಧತಿ ಇಂದಿಗೂ ಉಳಿದಿದೆ. ಸೇಂಟ್ ಜಾನ್ಸ್ ಕೆಥೆಡ್ರಲ್ ನಿಂತಿರುವ ಜಾಗವೊಂದನ್ನು ಬಿಟ್ಟರೆ ಇಡೀ ಹಾಂಗ್‌ಕಾಂಗಿನ ನೆಲ ಸರ್ಕಾರದ್ದೇ. ತೆರಿಗೆ ಕಡಿಮೆ, ವ್ಯಾಪಾರಕ್ಕೆ ಅಡ್ಡಿಯಿಲ್ಲ ಎಂದು ಹೆಸರು ಪಡೆದ ಈ ನಗರದ ಖಜಾನೆಗೆ ಜಮೀನಿನ ಗುತ್ತಿಗೆಯೇ ದೊಡ್ಡ ಆಸರೆ. ನೆಲದ ಬೆಲೆ ಏರಿದಷ್ಟೂ ಸರ್ಕಾರಕ್ಕೆ ಅನುಕೂಲ.

ಬೆಂಕಿ ತಂದ ವಸತಿ

1949ರ ಕ್ರಾಂತಿಯ ಆಸುಪಾಸಿನಲ್ಲಿ ಚೀನಾದಿಂದ ಲಕ್ಷಾಂತರ ಜನ ಇಲ್ಲಿಗೆ ವಲಸೆ ಬಂದರು. ಬೆಟ್ಟದ ಇಳಿಜಾರಿನಲ್ಲಿ ಹಲಗೆ, ತಗಡಿನ ಗುಡಿಸಲುಗಳು ಎದ್ದವು. 1953ರ ಕ್ರಿಸ್‌ಮಸ್ ರಾತ್ರಿ ಕೌಲೂನಿನ ಶೆಕ್ ಕಿಪ್ ಮೇ ಎಂಬ ಬಡಾವಣೆಗೆ ಬೆಂಕಿ ಬಿದ್ದು, ಒಂದೇ ರಾತ್ರಿಯಲ್ಲಿ 50 ಸಾವಿರಕ್ಕೂ ಹೆಚ್ಚು ಜನ ನಿರ್ಗತಿಕರಾದರು. ಅಲ್ಲಿಯವರೆಗೆ ಕೈಕಟ್ಟಿ ಕುಳಿತಿದ್ದ ಸರ್ಕಾರ ಸುಟ್ಟ ಜಾಗದಲ್ಲೇ ಬಹುಮಹಡಿ ವಸತಿಗಳನ್ನು ಕಟ್ಟಿತು. ಐದು ಮಂದಿ ವಯಸ್ಕರಿಗೆ 120 ಚದರ ಅಡಿಯ ಒಂದು ಕೋಣೆ. ನಲ್ಲಿ, ಶೌಚಾಲಯ ಸಾಮೂಹಿಕ. ಹೀಗೆ ಆರಂಭವಾದ ಸಾರ್ವಜನಿಕ ವಸತಿಯನ್ನು 1972ರಲ್ಲಿ ಗವರ್ನರ್ ಮರ್ರೆ ಮ್ಯಾಕ್ಲೆಹೋಸ್ ಹತ್ತು ವರ್ಷಗಳ ಯೋಜನೆಯಾಗಿ ವಿಸ್ತರಿಸಿದರು. 18 ಲಕ್ಷ ಜನರಿಗೆ ಸೂರು ಒದಗಿಸುವುದು ಅದರ ಗುರಿ. ಊರಾಚೆಯ ಹೊಸ ಬಡಾವಣೆಗಳಿಗೆ ಜನ ಹೋಗಬೇಕಾದರೆ ರೈಲು ಬೇಕಿತ್ತು.

ನೆಲವೇ ಬಂಡವಾಳ

1975ರಲ್ಲಿ ಸರ್ಕಾರಿ ಒಡೆತನದ ರೈಲು ನಿಗಮ ಹುಟ್ಟಿತು. ವ್ಯಾಪಾರಿ ತತ್ವದ ಮೇಲೆ ನಡೆಯಬೇಕು, ಸರ್ಕಾರದ ಸಹಾಯಧನ ನೆಚ್ಚಿಕೊಳ್ಳಬಾರದು ಎಂಬುದು ಅದಕ್ಕೆ ಹಾಕಿದ ಕಟ್ಟಳೆ. 1979ರ ಅಕ್ಟೋಬರ್ 1ರಂದು ಮೊದಲ ಮಾರ್ಗದಲ್ಲಿ ಜನಸಂಚಾರ ಶುರುವಾಯಿತು. ಟಿಕೆಟ್ ಹಣವೊಂದರಿಂದಲೇ ಸುರಂಗದ ಸಾಲ ತೀರುವಂತಿರಲಿಲ್ಲ. ಆಗ ನಿಗಮ ಹಿಡಿದ ದಾರಿಯೇ ಇಂದು ಲೋಕಪ್ರಸಿದ್ಧ.

ಅದರ ಲೆಕ್ಕ ಹೀಗಿದೆ. ಒಂದು ಜಾಗದ ಬೆಲೆ ರೈಲು ಬರುವ ಮುನ್ನ ನೂರು ರೂಪಾಯಿ, ಬಂದ ಮೇಲೆ ನೂರೈವತ್ತು ಎಂದುಕೊಳ್ಳಿ. ಸರ್ಕಾರ ನಿಲ್ದಾಣದ ಮೇಲಿನ ಹಾಗೂ ಸುತ್ತಲಿನ ಜಾಗದಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು ರೈಲು ಸಂಸ್ಥೆಗೆ ನೂರು ರೂಪಾಯಿ ಲೆಕ್ಕದಲ್ಲಿ ಕೊಡುತ್ತದೆ. ಸಂಸ್ಥೆ ಟೆಂಡರ್ ಕರೆದು ಖಾಸಗಿ ಬಿಲ್ಡರ್‌ನನ್ನು ಜೊತೆಗೆ ಸೇರಿಸಿಕೊಳ್ಳುತ್ತದೆ. ನೆಲದ ಹಣ, ಕಟ್ಟಡದ ಖರ್ಚು ಬಿಲ್ಡರ್‌ನದು; ಮನೆಗಳು ಮಾರಾಟವಾದಾಗ ಲಾಭದಲ್ಲಿ ಸಂಸ್ಥೆಗೂ ಪಾಲು. ಮಳಿಗೆಗಳ ಬಾಡಿಗೆ ಬೇರೆ. ರೈಲಿನಿಂದ ಹುಟ್ಟಿದ ಬೆಲೆ ರೈಲಿಗೇ ಹಿಂತಿರುಗುತ್ತದೆ.

ಕೌಲೂನ್ ಬೇ ಎಂಬಲ್ಲಿ ರೈಲುಗಳು ತಂಗುವ ಡಿಪೋದ ನೆತ್ತಿಯ ಮೇಲೆ ಟೆಲ್‌ಫೋರ್ಡ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯ ಎದ್ದಿತು. ಸುಮಾರು 5 ಸಾವಿರ ಮನೆಗಳ ಕೆಳಗೆ ರೈಲುಗಳ ದುರಸ್ತಿ! 1998ರಲ್ಲಿ ವಿಮಾನ ನಿಲ್ದಾಣದ ಮಾರ್ಗ ಬಂದಾಗಲೂ ಇದೇ ಸೂತ್ರ ನಡೆಯಿತು. ಕೌಲೂನ್ ನಿಲ್ದಾಣದ ಮೇಲೆ ಈಗ 118 ಅಂತಸ್ತಿನ ಗೋಪುರ ನಿಂತಿದೆ. ಇವತ್ತಿಗೂ ಎಂಟಿಆರ್‌ನ ಮುಕ್ಕಾಲು ಪಾಲು ಷೇರುಗಳು ಸರ್ಕಾರದ ಕೈಯಲ್ಲಿವೆ.

ತಕ್ಕಡಿಯ ಇನ್ನೊಂದು ತಟ್ಟೆ

ಈ ಲೆಕ್ಕ ಸರಿಹೊಂದಬೇಕಾದರೆ ಮನೆಗಳು ಒಳ್ಳೆಯ ಬೆಲೆಗೆ ಮಾರಾಟವಾಗಲೇಬೇಕು. ತೊಡಕು ಇರುವುದು ಇಲ್ಲೇ. 1984ರಲ್ಲಿ ಬ್ರಿಟನ್ ಮತ್ತು ಚೀನಾ ಮಾಡಿಕೊಂಡ ಒಪ್ಪಂದದ ಪ್ರಕಾರ, 1997ರ ಹಸ್ತಾಂತರದವರೆಗೆ ವರ್ಷಕ್ಕೆ 50 ಹೆಕ್ಟೇರಿಗಿಂತ ಹೆಚ್ಚು ಜಮೀನು ಗುತ್ತಿಗೆಗೆ ಕೊಡುವಂತಿರಲಿಲ್ಲ. ಸಾರ್ವಜನಿಕ ಬಾಡಿಗೆ ವಸತಿಯ ಜಾಗಕ್ಕೆ ವಿನಾಯಿತಿ ಇತ್ತು. ಎರಡೂ ಕಡೆ ಒಪ್ಪಿದರೆ ಮಿತಿ ಹೆಚ್ಚಿಸಬಹುದಿತ್ತು. ಆದರೂ ಮನೆ ಬೆಲೆ ಗಗನಕ್ಕೇರಿತು.

ಹಸ್ತಾಂತರದ ನಂತರ ಆಡಳಿತದ ಮುಖ್ಯಸ್ಥರಾದ ತುಂಗ್ ಚೀ ಹ್ವಾ ವರ್ಷಕ್ಕೆ 85 ಸಾವಿರ ಮನೆ ಕಟ್ಟುವ ಗುರಿ ಘೋಷಿಸಿದರು. ಅಷ್ಟರಲ್ಲಿ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂತು. 2003ರ ಹೊತ್ತಿಗೆ ಮನೆಗಳ ಬೆಲೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಸಾಲ ಮಾಡಿ ಮನೆ ಕೊಂಡಿದ್ದ ಮಧ್ಯಮ ವರ್ಗ ಕಂಗಾಲಾಯಿತು. ಬೆಲೆ ಹಿಡಿದು ನಿಲ್ಲಿಸಲು ಸರ್ಕಾರ 2002ರಲ್ಲಿ ಜಮೀನಿನ ಹರಾಜು ತಡೆಹಿಡಿಯಿತು. ರಿಯಾಯಿತಿ ದರದ ಮನೆಗಳ ಯೋಜನೆಯನ್ನೂ ಕೈಬಿಟ್ಟಿತು. ನಂತರದ ವರ್ಷಗಳಲ್ಲಿ ಬೆಲೆ ಏರಿದ್ದು ಹಳೆಯ ಶಿಖರವನ್ನೂ ದಾಟಿತು. 2021ರ ಬಳಿಕ ಅದು ಮತ್ತೆ ಇಳಿಯಿತು. ಆಗ ಜಮೀನಿನ ಆದಾಯ ಕುಸಿದು ಸರ್ಕಾರದ ಬಜೆಟ್‌ನಲ್ಲಿ ಕೊರತೆ ಬಿತ್ತು. ಮನೆ ಅಗ್ಗವಾದರೆ ಖಜಾನೆ ಸೊರಗುತ್ತದೆ. ಖಜಾನೆ ತುಂಬಿದರೆ ಮನೆ ಕೈಗೆಟುಕುವುದಿಲ್ಲ.

ಹಾಂಗ್‌ಕಾಂಗಿನ ಜನರಲ್ಲಿ ಸುಮಾರು ಶೇಕಡ 45ರಷ್ಟು ಮಂದಿ ಇಂದು ಸರ್ಕಾರಿ ಅಥವಾ ಸರ್ಕಾರದ ನೆರವಿನ ಮನೆಗಳಲ್ಲಿದ್ದಾರೆ. ಆ ಭಾಗ್ಯಕ್ಕೆ ವರ್ಷಗಟ್ಟಲೆ ಕಾಯಬೇಕು. ಕಾಯುವವರಲ್ಲಿ ಅನೇಕರ ಪಾಡು, ಒಂದೇ ಫ್ಲ್ಯಾಟನ್ನು ಹಲವು ಗೂಡುಗಳಾಗಿ ಸೀಳಿದ ಕೋಣೆಗಳಲ್ಲಿ. 2021ರ ಜನಗಣತಿಯಂತೆ ಅಲ್ಲಿ ಇದ್ದವರು 2 ಲಕ್ಷಕ್ಕೂ ಹೆಚ್ಚು. ಇಂಥ ಕೋಣೆ ಕನಿಷ್ಠ 8 ಚದರ ಮೀಟರ್, ಎಂದರೆ ಸುಮಾರು 86 ಚದರ ಅಡಿ ಇರಬೇಕು ಎಂದು 2025ರಲ್ಲಿ ಕಾನೂನು ಆಯಿತು. ಬೆಂಕಿಯ ನಂತರ ಸರ್ಕಾರ ಕಟ್ಟಿದ ಕೋಣೆಯ ಅಳತೆ 120 ಅಡಿ ಇದ್ದುದನ್ನು ಇಲ್ಲಿ ನೆನೆಯಬಹುದು.

ನಮಗೇನು ಪಾಠ?

ನಿಲ್ದಾಣದ ಸುತ್ತ ಏರುವ ಬೆಲೆಯಿಂದ ರೈಲಿಗೆ ಹಣ ಹೊಂದಿಸಬೇಕೆಂದು ಭಾರತದ 2017ರ ಮೆಟ್ರೋ ನೀತಿಯೂ ಹೇಳುತ್ತದೆ. ಬೆಂಗಳೂರಿನಲ್ಲಿ 2011ರಿಂದ ಮೆಟ್ರೋ ಓಡುತ್ತಿದೆ. 2025ರಲ್ಲಿ ಅದರ ಗರಿಷ್ಠ ಟಿಕೆಟ್ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆದರೆ ಇಲ್ಲಿ ನೆಲ ಬಹುಪಾಲು ಖಾಸಗಿಯವರದು. ಹಳಿಯ ಖರ್ಚು ಸಾರ್ವಜನಿಕರದು, ಬೆಲೆ ಏರಿಕೆಯ ಲಾಭ ಹೆಚ್ಚಾಗಿ ನಿವೇಶನದ ಒಡೆಯರದು. ಹಾಂಗ್‌ಕಾಂಗ್ ಆ ಲಾಭವನ್ನು ಹಿಡಿದಿಡುವ ಬಗೆ ತೋರಿಸಿತು. ಹಿಡಿದ ಹಣದಲ್ಲಿ ಬಡವನ ಮನೆಗೆ ಎಷ್ಟು ಪಾಲು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿಯೂ ಉತ್ತರ ಬಾಕಿಯಿದೆ. ರೈಲು ಸಮಯಕ್ಕೆ ಸರಿಯಾಗಿ ಬರಬೇಕು, ನಿಜ. ಇಳಿದು ನಡೆದು ಹೋಗುವಷ್ಟು ದೂರದಲ್ಲಿ ಮನೆಯೂ ಇರಬೇಡವೇ?