ಐಸ್ ನೀರು

ಮಂಜುಗಡ್ಡೆ ಹಾಕಿ ತಣಿಸಿದ ನೀರೇ ಐಸ್ ನೀರು. ಫ್ರಿಜ್ಜಿನಲ್ಲಿಟ್ಟು ಕೊರೆಯುವಂತಾದ ನೀರನ್ನೂ ಬಳಕೆಯಲ್ಲಿ ಹಾಗೆಯೇ ಕರೆಯುತ್ತಾರೆ. ಗಡ್ಡೆಯೂ ನೀರೂ ಚೆನ್ನಾಗಿ ಬೆರೆತಿದ್ದರೆ, ಗಡ್ಡೆ ಪೂರ್ತಿ ಕರಗುವವರೆಗೆ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್ ಬಿಟ್ಟು ಹೆಚ್ಚು ಅಲುಗುವುದಿಲ್ಲ. ಪ್ರಯೋಗಾಲಯದಲ್ಲಿ ಥರ್ಮಾಮೀಟರಿನ ಸೊನ್ನೆಯನ್ನು ಪರೀಕ್ಷಿಸುವುದು ಇದರಲ್ಲೇ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಹೀರುತ್ತದೆ. ಹೀಗಾಗಿ 35 ಡಿಗ್ರಿಯ ಒಂದು ಲೀಟರ್ ನೀರನ್ನು 10 ಡಿಗ್ರಿಗೆ ಇಳಿಸಲು 280 ಗ್ರಾಂ ಗಡ್ಡೆ ಸಾಕು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮತ್ತೆ ಮತ್ತೆ ಬರ ಕಂಡ ಬಯಲುಸೀಮೆ. ಇಲ್ಲಿ ಐಸ್ ಹೆಚ್ಚಾಗಿ ಕಬ್ಬಿನ ಹಾಲು, ನಿಂಬೆ ಶರಬತ್ತುಗಳಿಗೆ ಬೀಳುತ್ತದೆ. ಬರಿಯ ಕುಡಿಯುವ ನೀರಿನ ತಂಪಿಗೆ ಮಡಕೆಯೇ ಹಳೆಯ ಆಸರೆ. ಬೇಸಿಗೆಯ ಅರವಟ್ಟಿಗೆಗಳಲ್ಲೂ ಅದೇ. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಒಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಇದು ಚುರುಕು. ಆದ್ದರಿಂದಲೇ ಕರಾವಳಿಯ ಸೆಖೆಯಲ್ಲಿ ಅಷ್ಟಾಗಿ ತಣಿಸದ ಮಡಕೆ ಪಾವಗಡದ ಒಣ ಬಿಸಿಲಿನಲ್ಲಿ ಚೆನ್ನಾಗಿ ತಣಿಸುತ್ತದೆ. ಕೊಳವೆಬಾವಿಯ ಗಡಸು ನೀರು ತುಂಬಿದರೆ ಕೆಲವು ಕಾಲಕ್ಕೆ ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟಿ, ರಂಧ್ರ ಮುಚ್ಚಿ, ತಂಪು ಕಡಿಮೆಯಾಗುತ್ತದೆ. ಬಣ್ಣ ಬಳಿದ ಮಡಕೆಯ ಗತಿಯೂ ಇಷ್ಟೇ, ಚಂದಕ್ಕೆ ಮಾತ್ರ.

ಈ ಭಾಗದಲ್ಲಿ ನೀರು ಎಷ್ಟು ತಣ್ಣಗಿದೆ ಎಂಬುದಕ್ಕಿಂತ ಎಲ್ಲಿಯದು ಎಂಬುದು ದೊಡ್ಡ ಪ್ರಶ್ನೆ. ಪಾವಗಡ ಸೇರಿದಂತೆ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲಿನ ಕಂದು ಕಲೆ, ಮೂಳೆ ಬಿಗಿತ ಅದರ ಫಲ. ಕುದಿಸಿದರೂ ತಣಿಸಿದರೂ ಫ್ಲೋರೈಡ್ ಹೋಗದು. ನೀರು ಹೆಪ್ಪುಗಟ್ಟುವಾಗ ಲವಣಗಳೂ ಗಾಳಿಯೂ ಗಡ್ಡೆಯ ನಡುವೆ ಸೇರುತ್ತವೆ. ಐಸ್ ಗಡ್ಡೆಯ ನಡುಭಾಗ ಬೆಳ್ಳಗೆ ಕಾಣುವುದು ಅದಕ್ಕೇ. ಕರಗಿದಾಗ ಲವಣವೆಲ್ಲ ಲೋಟಕ್ಕೇ ಬರುತ್ತದೆ. ರೋಗಾಣುಗಳೂ ಐಸಿನಲ್ಲಿ ಪೂರ್ತಿ ಸಾಯುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನು ತಣಿಸಿಕೊಳ್ಳುವುದೇ ಸರಿಯಾದ ದಾರಿ. ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿತು.

ಅಡುಗೆಯಲ್ಲಿ ಬೇಯಿಸಿದ ಸೊಪ್ಪು, ಬೀನ್ಸ್ ಹಸಿರು ಕೆಡದಿರಲು ಐಸ್ ನೀರಿಗೆ ಹಾಕುವುದುಂಟು. ಕಾಲು ಉಳುಕಿದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಒತ್ತುತ್ತಾರೆ. ಬಿಸಿಲಾಘಾತವಾದವರ ಮೈಗೆ ತಣ್ಣೀರು ಸುರಿದು, ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹನಿಸಬಾರದು. ಸುಟ್ಟ ಗಾಯಕ್ಕೆ ಐಸ್ ಇಡುವುದು ತಪ್ಪು, ಚರ್ಮ ಇನ್ನಷ್ಟು ಹಾಳಾಗುತ್ತದೆ. ನಲ್ಲಿಯ ಹರಿಯುವ ನೀರೇ ಅದಕ್ಕೆ ತಕ್ಕದ್ದು.