ನಮ್ಮೂರಲ್ಲಿ ಬಡವರು ಯಾರು? ಲೆಕ್ಕ ಹಾಕೋದು ಹೀಗೆ

ಶಿರಸಿ: ರೇಷನ್ ಕಾರ್ಡ್‌ನಿಂದ ಹಿಡಿದು ಮನೆ ಮಂಜೂರಿಯವರೆಗೆ ಎಲ್ಲದಕ್ಕೂ ಬಡವರ ಪಟ್ಟಿ ಬೇಕು. ಆ ಪಟ್ಟಿ ಹೇಗೆ ತಯಾರಾಗುತ್ತದೆ, ಅದರಲ್ಲಿ ಹೆಸರು ಬಿಟ್ಟುಹೋದರೆ ಎಲ್ಲಿ ಕೇಳಬೇಕು? ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಜಿಲ್ಲೆಗೆ ನಿಲ್ಲುವ ಲೆಕ್ಕ
ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕವು ಆರೋಗ್ಯ, ಶಿಕ್ಷಣ, ಜೀವನ ಮಟ್ಟದ 12 ಅಂಶಗಳನ್ನು ನೋಡುತ್ತದೆ. ಅದರ ಪ್ರಕಾರ ಕರ್ನಾಟಕದ ಬಡವರ ಪ್ರಮಾಣ 2015-16ರಲ್ಲಿ ಶೇ. 12.77 ಇದ್ದದ್ದು 2019-21ಕ್ಕೆ ಶೇ. 7.58ಕ್ಕೆ ಇಳಿದಿದೆ. ಆದರೆ ಈ ಲೆಕ್ಕ ಜಿಲ್ಲೆಯಿಂದ ಕೆಳಗೆ ಇಳಿಯೋದಿಲ್ಲ. ಯಲ್ಲಾಪುರ ಕಾಡಿನ ಸಿದ್ದಿ ಕೇರಿಯಾಗಲಿ, ಸಿದ್ದಾಪುರದ ಘಟ್ಟದಂಚಿನ ನಾಲ್ಕು ಮನೆಯ ಮಜರೆಯಾಗಲಿ ಇದರಲ್ಲಿ ಕಾಣಲ್ಲ.

2011ರ ಗಣತಿ
ಕೇಂದ್ರ ಸರ್ಕಾರ ಮನೆ ಮನೆಗೆ ಹೋಗಿ ಬಡತನ ಅಳೆದದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ. ಒಂದೇ ಕೋಣೆಯ ಕಚ್ಚಾ ಮನೆ, 25 ವರ್ಷ ದಾಟಿದವರಲ್ಲಿ ಓದು ಬರಹ ಬಲ್ಲವರೇ ಇಲ್ಲದಿರುವುದು, ಜಮೀನಿಲ್ಲದೆ ಕೂಲಿಯನ್ನೇ ನಂಬಿರುವುದು ಸೇರಿ 7 ಕೊರತೆ ಗುರುತಿಸಿದರು. ಬೈಕ್, ಫ್ರಿಜ್, ಲ್ಯಾಂಡ್‌ಲೈನ್ ಫೋನ್ ಇದ್ದವರನ್ನು ಹೊರಗಿಟ್ಟರು. ಮೊಬೈಲ್ ಸಿಗ್ನಲ್ ಸಿಗದ ಊರಲ್ಲಿ ಲ್ಯಾಂಡ್‌ಲೈನ್ ಶ್ರೀಮಂತಿಕೆ ಅಲ್ಲ, ಅನಿವಾರ್ಯ.

ಬಿಪಿಎಲ್ ಕಾರ್ಡ್
ರಾಜ್ಯದಲ್ಲಿ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂ. ಮೀರುವಂತಿಲ್ಲ. ಅಡಿಕೆ ಕೊಯ್ಲು, ಸುಲಿಯುವ ಹಂಗಾಮಿನಲ್ಲಿ ದಿನವೂ ಕೆಲಸ. ಮಳೆಗಾಲದಲ್ಲಿ ಕೈ ಖಾಲಿ. ವರ್ಷದ ಆದಾಯ ಪ್ರಮಾಣಪತ್ರದಲ್ಲಿ ಈ ಖಾಲಿ ತಿಂಗಳು ಕಾಣಲ್ಲ.

ಅತಿಕ್ರಮಣದಾರರ ತೊಡಕು
ಅರಣ್ಯ ಭೂಮಿಯಲ್ಲಿ ಮನೆ ಕಟ್ಟಿಕೊಂಡವರು ಎಷ್ಟೇ ಬಡವರಾದ್ರೂ ಜಾಗದ ಕಾಗದ ಇಲ್ಲದೆ ಮನೆ ಯೋಜನೆಯ ಹಣ ಪಡೆಯೋದು ಕಷ್ಟ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೂ ಹಿಂದಿನ ಮೂರು ತಲೆಮಾರಿನ, ಅಂದ್ರೆ 75 ವರ್ಷದ, ವಾಸಕ್ಕೆ ಸಾಕ್ಷ್ಯ ಕೊಡಬೇಕು. ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿರುವುದರಿಂದ ಅವರಿಗೆ ಈ 75 ವರ್ಷದ ಷರತ್ತಿಲ್ಲ.

ಊರಲ್ಲೇ ಇರುವ ದಾಖಲೆ
* ಅಂಗನವಾಡಿ: ಮಕ್ಕಳ ತೂಕ, ತೋಳಿನ ಸುತ್ತಳತೆ ಬರೆದಿಡುತ್ತಾರೆ. 6 ತಿಂಗಳಿಂದ 5 ವರ್ಷದ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ.
* ಸ್ವಸಹಾಯ ಸಂಘ: ಮಹಿಳೆಯರು ಗ್ರಾಮ ಬಡತನ ನಿವಾರಣಾ ಯೋಜನೆ ಬರೆದು ಪಂಚಾಯ್ತಿಗೆ ಕೊಡಬಹುದು.
* ನ್ಯಾಯಬೆಲೆ ಅಂಗಡಿ: ಅಕ್ಕಿ ಒಯ್ಯಲು ಯಾರು ಬರ್ತಿಲ್ಲ ಅನ್ನೋದು ಇಲ್ಲಿ ಮೊದಲು ಗೊತ್ತಾಗುತ್ತದೆ.

ಎಲ್ಲಿ ಕೇಳಬೇಕು?
ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ನಡೆಯಬೇಕು. ಫಲಾನುಭವಿಗಳ ಪಟ್ಟಿ ಮೊದಲು ಚರ್ಚೆಗೆ ಬರೋದು ವಾರ್ಡ್ ಸಭೆಯಲ್ಲಿ. ಅಲ್ಲಿ ಪಟ್ಟಿ ಓದಿಸಿ, ಬಿಟ್ಟುಹೋದ ಮನೆಯ ಹೆಸರು ಹೇಳಿ, ನಡಾವಳಿಯಲ್ಲಿ ಬರೆಸಬೇಕು. ಕೂಲಿ ಬಿಟ್ಟು ಸಭೆಗೆ ಬರಲಾಗದವರ ಹೆಸರನ್ನು ಅಕ್ಕಪಕ್ಕದವರೇ ಹೇಳಬೇಕಾಗುತ್ತದೆ.